ಸದಾರಮೆಯನ್ನು ಮತ್ತೆ ಆಡುವವರಿಗೆ

ಕಂಪನಿ ನಾಟಕದ ಕಾಲ ಮುಗಿಯಿತು ಎಂದು ಬಹಳ ಜನ ತಿಳಿದಿದ್ದಾರೆ. ಹಾಗೇನೂ ಇಲ್ಲ. ಹಗಲು ಬ್ಯಾಂಕಿನಲ್ಲೋ ಶಾಲೆಯಲ್ಲೋ ಅಂಗಡಿಯಲ್ಲೋ ದುಡಿದು ಸಂಜೆ ತಾಲೀಮಿಗೆ ಸೇರುವ ಹವ್ಯಾಸಿ ತಂಡಗಳು ನಮ್ಮ ಅನೇಕ ಊರುಗಳಲ್ಲಿವೆ. ಅವುಗಳಲ್ಲಿ ಕೆಲವು, ಹೊಸ ನಾಟಕಗಳ ನಡುವೆ, ಒಂದು ಹಳೆಯ ಸಂಗೀತ ನಾಟಕವನ್ನೂ ಕೈಗೆತ್ತಿಕೊಳ್ಳುತ್ತವೆ. ಅದು ಸದಾರಮೆ ಇರಬಹುದು, ಹೇಮರೆಡ್ಡಿ ಮಲ್ಲಮ್ಮ ಇರಬಹುದು. ಉತ್ತರ ಕರ್ನಾಟಕದ ಕಡೆಯಾದರೆ ಕಂದಗಲ್ಲ ಹನುಮಂತರಾಯರ ರಕ್ತರಾತ್ರಿ ಇರಬಹುದು. ಇದು ನನಗೆ ತುಂಬ ಸಂತೋಷ ಕೊಡುವ ಸಂಗತಿ. ಆದರೆ ಒಂದು ಆತಂಕವೂ ಇದೆ. ನಾಟಕ ಗೊತ್ತಾದ ಮೇಲೆ ತಂಡದೊಳಗೆ ಬೇಗನೆ ಏಳುವ ಮಾತೊಂದಿದೆ: ಹಾಡು ಜಾಸ್ತಿಯಾಯಿತು, ಅರ್ಧಕ್ಕರ್ಧ ತೆಗೆದುಬಿಡೋಣ. ಇವತ್ತು ನಾನು ಮಾತಾಡುವುದು ಈ ಒಂದು ವಿಷಯದ ಬಗ್ಗೆ. ಹಾಡು ತೆಗೆದರೆ ಕಂಪನಿ ನಾಟಕ ಚಿಕ್ಕದಾಗುವುದಿಲ್ಲ, ಕುಸಿಯುತ್ತದೆ. ಆ ನಾಟಕದ ಮಾತು, ಪರದೆ, ಹಾಸ್ಯ ಎಲ್ಲವೂ ನಿಂತಿರುವುದು ಹಾಡಿನ ಮೇಲೆ. ಹೀಗೆಂದು ನಾನು ಯಾಕೆ ಹೇಳುತ್ತೇನೆ, ಇದಕ್ಕೆ ಬರುವ ಆಕ್ಷೇಪಗಳೇನು, ಅವಕ್ಕೆ ಉತ್ತರವೇನು ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಈ ನಾಟಕ ಬಂದ ದಾರಿ. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ಸೀತಾಸ್ವಯಂವರ ಆಡಿಸಿದರು. ಮರಾಠಿ ರಂಗಭೂಮಿ ಶುರುವಾದದ್ದು ಅಲ್ಲಿಂದ ಎನ್ನುತ್ತಾರೆ. ಆದರೆ ಅದಕ್ಕೆ ಪ್ರೇರಣೆ ಕೊಟ್ಟದ್ದು ನಮ್ಮ ಉತ್ತರ ಕನ್ನಡದಿಂದ ಹೋಗಿದ್ದ ಭಾಗವತರ ಮೇಳ. ಮುಂದೆ ಮರಾಠಿ ಮಂಡಳಿಗಳು ಧಾರವಾಡ, ಗದಗದ ಕಡೆ ಬಂದು ಜನರನ್ನು ಸೆಳೆದವು. ಕನ್ನಡದಲ್ಲೂ ಇಂಥ ನಾಟಕ ಬೇಕೆಂದು ಗದಗದಲ್ಲಿ ಶಾಂತಕವಿಗಳು ಎದ್ದು ನಿಂತರು. ಇತ್ತ ಮೈಸೂರಿನಲ್ಲಿ ಚಾಮರಾಜ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ಬೆಳೆಯಿತು. ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದರು. ಮುಂಬಯಿಯ ಪಾರ್ಸಿ ಕಂಪನಿಗಳಿಂದ ಬಣ್ಣದ ಪರದೆಗಳೂ ಬೆರಗಿನ ದೃಶ್ಯಗಳೂ ಬಂದವು. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿತು. ಅದರ ಯಜಮಾನರಾದ ಗುಬ್ಬಿ ವೀರಣ್ಣನವರು 1934ರ ಹೊತ್ತಿಗೆ ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ತಂದರು. ಈ ಅದ್ಧೂರಿಯ ಕಥೆಗಳು ನಮಗೆ ಚೆನ್ನಾಗಿ ನೆನಪಿವೆ. ಆದರೆ ಆನೆ ನೋಡಲು ಒಂದು ಸಲ ಬಂದವರು ಮತ್ತೆ ಮತ್ತೆ ಬಂದದ್ದು ಯಾಕೆ? ಹಾಡು ಕೇಳಲು. ಮೈಸೂರಿನ ಎ.ವಿ. ವರದಾಚಾರ್ಯರ ಹೆಸರು ಇವತ್ತಿಗೂ ಉಳಿದಿರುವುದು ಅವರ ಕಂಠದಿಂದ. ಮಲ್ಲಿಕಾರ್ಜುನ ಮನ್ಸೂರರು ಬಾಲಕರಾಗಿದ್ದಾಗ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಹಾಡುತ್ತಿದ್ದರು. ಅಲ್ಲಿಯೇ ಅಪ್ಪಯ್ಯಸ್ವಾಮಿಗಳು ಆ ಹುಡುಗನ ಕಂಠವನ್ನು ಗುರುತಿಸಿ ಶಿಷ್ಯನನ್ನಾಗಿ ಮಾಡಿಕೊಂಡರು. ಹಿಂದುಸ್ತಾನಿ ಸಂಗೀತದ ಅಷ್ಟು ದೊಡ್ಡ ಗಾಯಕರು ನಾಟಕದ ಅಂಗಳದಿಂದ ಬಂದರು ಎಂದರೆ, ಆ ಅಂಗಳದಲ್ಲಿ ಸಂಗೀತದ ಸ್ಥಾನ ಏನಿತ್ತು ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಕಂಪನಿ ನಾಟಕವನ್ನು ಕಟ್ಟಿದವರು ಹಾಡುಗಾರರು ಎಂಬಲ್ಲಿಗೆ ಬಂದೆವು. ಈಗ ಹಾಡು ನಾಟಕದೊಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನೀವು ರೇಡಿಯೋ ಮುಂದೆ ಕುಳಿತಿದ್ದೀರಿ, ರಂಗ ನಿಮಗೆ ಕಾಣುವುದಿಲ್ಲ. ಆದ್ದರಿಂದ ವಿವರಿಸುತ್ತೇನೆ. ರಂಗದ ಮುಂದೆ ಒಂದು ಬದಿಗೆ ಹಾರ್ಮೋನಿಯಂ ಮೇಷ್ಟ್ರು ಕುಳಿತಿರುತ್ತಾರೆ. ಅವರದು ಕಾಲಿನಲ್ಲಿ ತಿದಿ ತುಳಿಯುವ ಹಾರ್ಮೋನಿಯಂ. ನಾಟಕದವರು ಅದನ್ನು ಲೆಗ್ ಹಾರ್ಮೋನಿಯಂ ಎಂದೇ ಕರೆಯುತ್ತಾರೆ. ತಿದಿಯ ಕೆಲಸ ಕಾಲಿಗೆ ಹೋದದ್ದರಿಂದ ಎರಡೂ ಕೈ ಸ್ವರದ ಮನೆಗಳ ಮೇಲೆ ಇರುತ್ತವೆ. ಪಕ್ಕದಲ್ಲಿ ತಬಲಾ. ಮೇಷ್ಟ್ರ ಕಣ್ಣು ಹಾರ್ಮೋನಿಯಂ ಮೇಲೆ ಇರುವುದಿಲ್ಲ, ನಟನ ಎದೆಯ ಮೇಲೆ ಇರುತ್ತದೆ. ಅವನು ಉಸಿರು ತೆಗೆದುಕೊಳ್ಳುವುದನ್ನು ಅವರು ನೋಡುತ್ತಿರುತ್ತಾರೆ. ಮಾತು ಇನ್ನೂ ನಡೆದಿರುವಾಗಲೇ ಮೆಲ್ಲಗೆ ಷಡ್ಜ ಹಿಡಿಯುತ್ತಾರೆ. ನಟನ ಮಾತಿನ ಕೊನೆ ನಿಧಾನವಾಗಿ ಆ ಶ್ರುತಿಯ ಕಡೆಗೆ ಏರುತ್ತದೆ. ಕೊನೆಯ ಅಕ್ಷರ ಶ್ರುತಿಗೆ ಸೇರುವುದೂ ಕಂದಪದ್ಯ ಏಳುವುದೂ ಒಂದೇ ಕ್ಷಣದಲ್ಲಿ. ಕಂದಕ್ಕೆ ತಾಳವಿಲ್ಲ. ತಬಲಾ ಸುಮ್ಮನಿರುತ್ತದೆ. ನಟ ತನ್ನ ಶಕ್ತಿ ಇದ್ದಷ್ಟು ರಾಗ ಎಳೆಯುತ್ತಾನೆ. ಆಮೇಲೆ ತಾಳದ ಹಾಡು ಹಿಡಿದಾಗ ತಬಲಾ ಸೇರಿಕೊಳ್ಳುತ್ತದೆ. ಮಾತು, ಕಂದ, ಹಾಡು ಎಂಬ ಈ ಮೂರು ಮೆಟ್ಟಿಲನ್ನು ಬರೆದವರು ಬೇಕೆಂದೇ ಕಟ್ಟಿದ್ದಾರೆ. ಹಾಡಿನ ಹಿಂದಿನ ಮಾತು ಹಾಡಿಗೆ ತಂದು ಬಿಡುತ್ತದೆ. ಹಾಡಿನ ಮುಂದಿನ ಮಾತು, ಪ್ರೇಕ್ಷಕರು ಆ ಹಾಡನ್ನು ಕೇಳಿದ್ದಾರೆ ಎಂದುಕೊಂಡು ಶುರುವಾಗುತ್ತದೆ. ನಡುವಿನದನ್ನು ತೆಗೆದರೆ ಒಂದು ಮಾತಿಗೆ ಕೊನೆಯಿಲ್ಲ, ಇನ್ನೊಂದಕ್ಕೆ ಆರಂಭವಿಲ್ಲ. ಆಮೇಲೆ, ಸಂಭಾಷಣೆ ಕೃತಕ ಎಂದು ನಾವು ಬರೆದವರನ್ನು ದೂರುತ್ತೇವೆ.

ಸದಾರಮೆಯ ಕಳ್ಳನನ್ನೇ ತೆಗೆದುಕೊಳ್ಳಿ. ಕಥೆ ಎಲ್ಲರಿಗೂ ಗೊತ್ತಿರುವುದೇ. ರಾಜ್ಯ ಕಳೆದುಕೊಂಡ ರಾಜಕುಮಾರ, ಅವನ ಕೈಹಿಡಿದ ವರ್ತಕನ ಮಗಳು, ಅವಳನ್ನು ಹೊತ್ತೊಯ್ಯುವ ಕಳ್ಳ, ಜಾಣತನದಿಂದ ತಪ್ಪಿಸಿಕೊಂಡು ಗಂಡುವೇಷ ತೊಡುವ ಹೆಣ್ಣು. ಆ ಕಳ್ಳನ ಪಾತ್ರ ಗುಬ್ಬಿ ವೀರಣ್ಣನವರಿಗೆ ದೊಡ್ಡ ಹೆಸರು ತಂದ ಪಾತ್ರ. ಕಳ್ಳ ಹೆದರಿಸಬೇಕು, ನಗಿಸಲೂ ಬೇಕು. ಕಾಡಿನಲ್ಲಿ ಒಬ್ಬಳೇ ಹೆಣ್ಣು ಅವನ ಕೈಗೆ ಸಿಕ್ಕಿದ್ದಾಳೆ. ಬರೀ ಮಾತಿನಲ್ಲಿ ಆಡಿದರೆ ದೃಶ್ಯ ಒಂದೋ ಅಸಹ್ಯವಾಗುತ್ತದೆ, ಇಲ್ಲವೇ ಹಗುರವಾಗುತ್ತದೆ. ಹಾಡು ಸೇರಿದಾಗ ಮಾತ್ರ ಭಯವೂ ನಗುವೂ ಒಟ್ಟಿಗೆ ನಿಲ್ಲುತ್ತವೆ. ಹಾಡುವ ಕಳ್ಳನನ್ನು ಮರುಳು ಮಾಡಬಹುದು ಎಂಬ ನಂಬಿಕೆ ಪ್ರೇಕ್ಷಕರಿಗೆ ಹುಟ್ಟುತ್ತದೆ. ಸದಾರಮೆ ತಪ್ಪಿಸಿಕೊಳ್ಳುವುದಕ್ಕೆ ಆ ನಂಬಿಕೆಯೇ ದಾರಿ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು ಸ್ಪಂದನ ತಂಡದೊಡನೆ ಸದಾರಮೆಯನ್ನು ಮತ್ತೆ ರಂಗಕ್ಕೆ ತಂದಾಗ ಅಜ್ಜನ ಆ ಪಾತ್ರವನ್ನು ತಾವೇ ಮಾಡಿದರು. ಒಬ್ಬ ಹೆಣ್ಣುಮಗಳು ಕಳ್ಳನಾಗಿ ನಿಂತರೂ ಪಾತ್ರ ಗಟ್ಟಿಯಾಗಿ ಉಳಿಯಿತು. ಉಳಿದದ್ದು ಅವರ ಕಂಠದ ಬಲದಿಂದ ಎಂದೇ ನಾನು ತಿಳಿದಿದ್ದೇನೆ.

ಹಾಡು ಮಾತನ್ನೂ ಪಾತ್ರವನ್ನೂ ಹಿಡಿದು ನಿಲ್ಲಿಸುತ್ತದೆ ಎಂದು ಹೇಳಿದೆ. ಪರದೆಯ ವ್ಯವಸ್ಥೆಗೂ ಅದೇ ಆಧಾರ. ಕಂಪನಿ ನಾಟಕದಲ್ಲಿ ಒಂದು ದೃಶ್ಯ ರಂಗದ ಪೂರ್ತಿ ಆಳದಲ್ಲಿ ನಡೆಯುತ್ತದೆ. ಅರಮನೆ, ಕಾಡು, ದೇವಸ್ಥಾನ ಇಂಥವು. ಮುಂದಿನದು ರಂಗದ ಮುಂತುದಿಯಲ್ಲಿ, ಬೀದಿಯ ಚಿತ್ರ ಬರೆದ ಪರದೆಯ ಎದುರು ನಡೆಯುತ್ತದೆ. ಈ ಬೀದಿಯ ದೃಶ್ಯದಲ್ಲಿ ಹಾಸ್ಯದವರು ಬಂದು ಹಾಡಿ ಕುಣಿದು ನಗಿಸುತ್ತಾರೆ. ಅದೇ ಹೊತ್ತಿಗೆ ಪರದೆಯ ಹಿಂದೆ ಅರಮನೆಯನ್ನು ಬಿಚ್ಚಿ ಕಾಡನ್ನು ನಿಲ್ಲಿಸುತ್ತಿರುತ್ತಾರೆ. ಮರದ ಚೌಕಟ್ಟು ಎಳೆಯುವ ಸದ್ದು, ಮೊಳೆ ಹೊಡೆಯುವ ಸದ್ದು ಹೊರಗೆ ಕೇಳಬಾರದು. ಅದನ್ನು ಮುಚ್ಚುವುದು ಹಾರ್ಮೋನಿಯಂ ಮತ್ತು ತಬಲಾ. ಹಿಂದಿನ ಕೆಲಸ ಮುಗಿದಿಲ್ಲವಾದರೆ ಹಾಸ್ಯಗಾರ ಇನ್ನೊಂದು ಚರಣ ಹಾಡುತ್ತಾನೆ. ಮುಗಿದರೆ ಸನ್ನೆ ಬರುತ್ತದೆ, ಅವನು ಹೊರಡುತ್ತಾನೆ. ಇಂದಿನ ತಂಡಗಳು ಒಂದೇ ರಂಗಸಜ್ಜಿಕೆಯಲ್ಲಿ ಇಡೀ ನಾಟಕ ಆಡುತ್ತವೆ, ದೀಪ ಆರಿಸಿ ದೃಶ್ಯ ಬದಲಿಸುತ್ತವೆ. ಹಾಗಾದರೆ ಹಾಸ್ಯದ ದೃಶ್ಯ ಯಾಕೆ ಎಂದು ಕೇಳುವುದು ಸಹಜ. ನನ್ನ ಉತ್ತರ ಇಷ್ಟು: ಆ ವ್ಯವಸ್ಥೆ ಮೊದಲು ಬಡಗಿಯ ಅನುಕೂಲಕ್ಕೆ ಹುಟ್ಟಿರಬಹುದು. ಆದರೆ ಬರೆದವರು ಅದನ್ನೇ ನಾಟಕದ ಲಯವಾಗಿ ಮಾಡಿಕೊಂಡರು. ದುಃಖದ ದೃಶ್ಯವಾದ ಮೇಲೆ ಬೀದಿಯ ನಗು, ಅದಾದ ಮೇಲೆ ಇನ್ನೂ ದೊಡ್ಡ ದುಃಖ. ಪ್ರೇಕ್ಷಕರಿಗೆ ಉಸಿರಾಡಲು ಬಿಡುವು ಅಲ್ಲಿದೆ. ಅದನ್ನು ಕಿತ್ತರೆ ಕಣ್ಣೀರಿನ ಮೇಲೆ ಕಣ್ಣೀರು ಸುರಿದು, ಅತಿಯಾಯಿತು ಎನ್ನುವ ಆರೋಪ ನಾಟಕದ ಮೇಲೆ ಬರುತ್ತದೆ.

ಇನ್ನು ಆಕ್ಷೇಪಗಳಿಗೆ ಬರುತ್ತೇನೆ. ಎಲ್ಲಕ್ಕಿಂತ ಹಳೆಯ ಆಕ್ಷೇಪ ಇದು: ಸಾಯುವವನು ಹಾಡುತ್ತಾನೆಯೇ, ಇದು ಅಸಹಜ. ಇದನ್ನು ಹೇಳಿದವರು ಸಾಮಾನ್ಯರಲ್ಲ. 1909ರಲ್ಲಿ ಬೆಂಗಳೂರಿನಲ್ಲಿ ಎ.ಡಿ.ಎ. ಎಂದು ಹೆಸರಾದ ಹವ್ಯಾಸಿ ನಾಟಕ ಸಂಘ ಹುಟ್ಟಿತು. 1918ರ ಹೊತ್ತಿಗೆ ಕೈಲಾಸಂ ಅವರ ಟೊಳ್ಳು ಗಟ್ಟಿ ನಾಟಕ ಬಂತು. ಮನೆಯೊಳಗಿನ ಮಾತು, ಮನೆಯೊಳಗಿನ ಜಗಳ ರಂಗಕ್ಕೆ ಬಂದವು. ಅದರಿಂದ ಕನ್ನಡ ನಾಟಕಕ್ಕೆ ಎಷ್ಟು ಲಾಭವಾಯಿತೆಂದು ಹೇಳಿ ಮುಗಿಯದು. ಆದರೆ ಅದರ ಜೊತೆಗೆ, ಹಾಡಿರುವ ನಾಟಕ ಕೆಳದರ್ಜೆಯದು ಎಂಬ ಭಾವನೆಯೂ ವಿದ್ಯಾವಂತರಲ್ಲಿ ಬೇರೂರಿತು. ಹಾರ್ಮೋನಿಯಂಗೂ ಇದೇ ಗತಿಯಾಯಿತು. ಅದರಲ್ಲಿ ಗಮಕ ನುಡಿಯದು, ಅದರ ಸ್ವರಗಳು ನಮ್ಮ ಸಂಗೀತಕ್ಕೆ ಒಗ್ಗವು ಎಂಬ ಕಾರಣಕ್ಕೆ 1940ರಲ್ಲಿ ಆಕಾಶವಾಣಿಯೇ ಅದನ್ನು ನಿಷೇಧಿಸಿತು. ನಿಷೇಧ ಸಡಿಲಗೊಂಡದ್ದು 1971ರಲ್ಲಿ. ಹೆಚ್ಚು ಕಡಿಮೆ 30 ವರ್ಷ ನಾಟಕದ ಜೀವಾಳವಾದ ವಾದ್ಯಕ್ಕೆ ಬಾನುಲಿಯ ಬಾಗಿಲು ಮುಚ್ಚಿತ್ತು. ಎರಡೂ ಮಾತಿಗೆ ಉತ್ತರವಿದೆ. ಗಮಕ ಹಾಡುವವನ ಕಂಠದಲ್ಲಿ ನುಡಿಯುತ್ತದೆ. ಹಾರ್ಮೋನಿಯಂ ಅವನ ಶ್ರುತಿ ಕಾಯುತ್ತದೆ, ಅದರ ಕೆಲಸ ಅಷ್ಟೇ. ಸಹಜತೆಯ ವಿಷಯಕ್ಕೆ ಬಂದರೆ, ಯಕ್ಷಗಾನದಲ್ಲಿ ಭಾಗವತರ ಪದಕ್ಕೆ ವೀರರು ಕುಣಿಯುತ್ತಾರೆ. ಅದನ್ನು ಯಾರೂ ಅಸಹಜ ಎನ್ನುವುದಿಲ್ಲ, ಅದರ ನಿಯಮವೇ ಹಾಗೆ ಎನ್ನುತ್ತೇವೆ. ಕಂಪನಿ ನಾಟಕಕ್ಕೂ ಅದರದೇ ನಿಯಮವಿದೆ. ಬಾಲಕರಾಗಿ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ ಬಿ.ವಿ. ಕಾರಂತರು ಈ ನಿಯಮವನ್ನು ಒಳಗಿನಿಂದ ಬಲ್ಲವರು. ಆಧುನಿಕ ನಾಟಕಕ್ಕೆ ಅವರು ಸಂಗೀತವನ್ನು ಮರಳಿ ತಂದಾಗ ನಾವೆಲ್ಲ ಹೊಸತೆಂದು ಕೊಂಡಾಡಿದೆವು. ಅದರ ಬೇರು ಕಂಪನಿಯಲ್ಲಿತ್ತು.

ಹಾಡಿನಿಂದ ನಾಟಕ ಅಸಹಜವಾಗದು ಎಂದು ಹೇಳಿದೆ. ಎರಡನೆಯ ಆಕ್ಷೇಪ ಸಮಯದ್ದು, ಮತ್ತು ಇದು ನಿಜವಾದ ಕಷ್ಟ. ಹಿಂದೆ ರಾತ್ರಿ 9 ಗಂಟೆಯ ಮೇಲೆ ಶುರುವಾದ ನಾಟಕ ಬೆಳಗಿನ ಜಾವದವರೆಗೆ ನಡೆಯುತ್ತಿತ್ತು. ಒನ್ಸ್‌ಮೋರ್ ಬಿದ್ದರೆ ಸತ್ತವನೂ ಎದ್ದು ಮತ್ತೆ ಹಾಡಬೇಕಿತ್ತು. ಈಗ ರಂಗಮಂದಿರ ಸಿಗುವುದೇ ಎರಡು, ಎರಡೂವರೆ ಗಂಟೆಗೆ. ಪ್ರೇಕ್ಷಕರು ಕೊನೆಯ ಬಸ್ಸು ಹಿಡಿಯಬೇಕು. ಕತ್ತರಿ ಹಾಕದೆ ಗತ್ಯಂತರವಿಲ್ಲ, ಒಪ್ಪುತ್ತೇನೆ. ಪ್ರಶ್ನೆ ಇರುವುದು ಕತ್ತರಿ ಎಲ್ಲಿ ಎಂಬುದರಲ್ಲಿ. ಒಂದು ಉಪಕಥೆಯನ್ನು ಅದರ ಹಾಡುಗಳ ಸಮೇತ ಪೂರ್ತಿ ಬಿಡಿ. ಉಳಿಸಿಕೊಂಡ ದೃಶ್ಯದಲ್ಲಿ ಮಾತು, ಕಂದ, ಹಾಡು ಮೂರನ್ನೂ ಉಳಿಸಿ. ಮೂರು ಚರಣ ಇದ್ದಲ್ಲಿ ಒಂದು ಹಾಡಿ. ಹೀಗೆ ಮಾಡಬಹುದು ಎಂಬುದಕ್ಕೆ ಹಳೆಯ ಕಾಲವೇ ಸಾಕ್ಷಿ. ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದು ಸುಮಾರು 3 ನಿಮಿಷದ ಹಾಡು. ರಂಗದ ಮೇಲೆ ರಾಗ ವಿಸ್ತರಿಸುತ್ತಿದ್ದ ನಟರು ತಟ್ಟೆಗೆ ಹಾಡುವಾಗ 3 ನಿಮಿಷದಲ್ಲಿ ಭಾವ ತುಂಬಿ ಮುಗಿಸಿದರು. ಹಾಡನ್ನು ಕಿರಿದು ಮಾಡುವುದು ಬೇರೆ, ಕಿತ್ತುಹಾಕುವುದು ಬೇರೆ. ಮೊದಲನೆಯದನ್ನು ಆ ಹಿರಿಯರೇ ಮಾಡಿ ತೋರಿಸಿದ್ದಾರೆ.

ಮೂರನೆಯ ಆಕ್ಷೇಪ ಇನ್ನೂ ಗಂಭೀರ. ಈ ನಾಟಕಗಳ ಮೌಲ್ಯ ಹಳತು, ಹೆಣ್ಣು ಅಳುತ್ತಲೇ ಇರಬೇಕು, ಸಹಿಸುತ್ತಲೇ ಇರಬೇಕು, ಇದನ್ನು ಇವತ್ತು ಯಾಕೆ ಆಡಬೇಕು? ಈ ಮಾತಿನಲ್ಲಿ ಸತ್ಯವಿದೆ. ಅತ್ತೆಯ ಕಿರುಕುಳವನ್ನು ಸಹಿಸಿ ದೇವರ ಕೃಪೆಗೆ ಪಾತ್ರಳಾಗುವ ಮಲ್ಲಮ್ಮನ ಕಥೆಯನ್ನು ಯೋಚಿಸದೆ ಆಡಿದರೆ ಸಹನೆಯ ಉಪದೇಶವಾಗಿಯೇ ಕೇಳಿಸುತ್ತದೆ. ಆದರೆ ಅದೇ ನಾಟಕವನ್ನು ಗದಗದ ಪಂಚಾಕ್ಷರ ಗವಾಯಿಗಳ ನಾಟ್ಯ ಕಂಪನಿ ಊರೂರಿಗೆ ಒಯ್ದಿತು. ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಸಂಗೀತ ಕಲಿಸಿದ ಪುಣ್ಯಾಶ್ರಮದ ಕಂಪನಿ ಅದು. ಕೇಳಿದ ಹೆಣ್ಣುಮಕ್ಕಳು ಉಪದೇಶಕ್ಕೆ ತಲೆಯಾಡಿಸಲು ಬಂದಿರಲಿಲ್ಲ. ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ ನೋವನ್ನು ಒಬ್ಬಳು ಸಾವಿರ ಜನರ ಎದುರು ಗಟ್ಟಿಯಾಗಿ ಹಾಡುತ್ತಿದ್ದಳು, ಅದನ್ನು ಕೇಳಲು ಬಂದಿದ್ದರು ಎಂದು ನನಗೆ ತೋರುತ್ತದೆ. ಸದಾರಮೆಯಂತೂ ತನ್ನ ಬುದ್ಧಿಯಿಂದಲೇ ಪಾರಾಗುವವಳು. ಹಾಗಾಗಿ ಕತ್ತರಿಸಬೇಕಾದದ್ದು ಬೇರೆ ಇದೆ. ಜಾತಿಯನ್ನು, ಮೈಬಣ್ಣವನ್ನು, ಅಂಗವಿಕಲರನ್ನು ಹಿಡಿದು ಮಾಡುವ ಗೇಲಿ, ಎರಡರ್ಥದ ಮಾತು, ಇವನ್ನು ಒಂದು ಕ್ಷಣವೂ ಅನುಮಾನಿಸದೆ ಕಿತ್ತುಹಾಕಿ. ಅದರಿಂದ ನಾಟಕಕ್ಕೆ ದ್ರೋಹವಾಗುವುದಿಲ್ಲ. ಹಾಸ್ಯದ ಮಾತನ್ನು ನಟರು ಊರಿಂದೂರಿಗೆ ಬದಲಿಸುತ್ತಲೇ ಬಂದಿದ್ದಾರೆ. ನಿಮ್ಮ ಊರಿನ ಹಾಸ್ಯವನ್ನು ನೀವೇ ಕಟ್ಟಿಕೊಳ್ಳಿ.

ಇಲ್ಲಿಯವರೆಗೆ ಮೂರು ಆಕ್ಷೇಪ ನೋಡಿದೆವು: ಅಸಹಜ, ದೀರ್ಘ, ಹಳತು. ಇವೆಲ್ಲಕ್ಕಿಂತ ಹೆಚ್ಚು ಕೆಡುಕು ಮಾಡುವುದು ಒಂದು ಬಗೆಯ ಪ್ರೀತಿ. ಕೆಲವರು ಕಂಪನಿ ನಾಟಕವನ್ನು ಅಣಕವಾಗಿ ಆಡುತ್ತಾರೆ. ಅತಿಯಾದ ಮೇಕಪ್ಪು, ಅತಿಯಾದ ಕಿರುಚಾಟ, ಬೇಕೆಂದೇ ತಪ್ಪುವ ಶ್ರುತಿ. ಜನ ನಗುತ್ತಾರೆ, ತಂಡಕ್ಕೆ ಗೆದ್ದೆವು ಅನ್ನಿಸುತ್ತದೆ. ಆದರೆ ಆ ನಗು ನಾಟಕದ ಒಳಗಿನದಲ್ಲ. ನಮ್ಮ ಅಜ್ಜ ಅಜ್ಜಿಯರು ಇಂಥದ್ದನ್ನು ನೋಡಿ ಅತ್ತರಲ್ಲ ಎಂಬ ತಾತ್ಸಾರ ಅದರಲ್ಲಿದೆ. ವರದಾಚಾರ್ಯರ ಕಾಲದ ಜನ ದಡ್ಡರಾಗಿರಲಿಲ್ಲ. ಒಳ್ಳೆಯ ಕಂದ ಯಾವುದು, ಅಪಸ್ವರ ಯಾವುದು ಎಂದು ನೆಲದ ಟಿಕೆಟ್ಟಿನವರೂ ಬಲ್ಲವರಾಗಿದ್ದರು. ಈ ನಾಟಕವನ್ನು ಪೂರ್ತಿ ನಂಬಿ ಆಡಬೇಕು, ಇಲ್ಲವಾದರೆ ಬಿಡಬೇಕು. ನಂಬಿಕೆ ಬರುವ ದಾರಿಯೂ ಸಂಗೀತವೇ. ಶ್ರುತಿ ಹಿಡಿಯಲು ನಿಜವಾಗಿ ಹೆಣಗುತ್ತಿರುವ ನಟನಿಗೆ ಅಣಕಿಸಲು ಪುರುಸೊತ್ತಿರುವುದಿಲ್ಲ.

ಹಾಗಾದರೆ ಹಾಡಲು ಬರುವವರು ಎಲ್ಲಿದ್ದಾರೆ ಎಂದು ಕೇಳುತ್ತೀರಿ. ಮಂಡ್ಯ, ತುಮಕೂರು, ರಾಮನಗರ, ಹಾಸನದ ಹಳ್ಳಿಗಳ ಕಡೆ ನೋಡಿ. ಅಲ್ಲಿ ಕುರುಕ್ಷೇತ್ರ, ದಕ್ಷಯಜ್ಞದಂಥ ಪೌರಾಣಿಕ ನಾಟಕಗಳು ನಿಂತೇ ಇಲ್ಲ. ಆಡುವವರು ರೈತರು, ಮೇಷ್ಟರು, ಬಸ್ಸಿನ ಡ್ರೈವರುಗಳು. ಪಾರ್ಟಿಗೆ ಕೈಯಿಂದ ದುಡ್ಡು ಕಟ್ಟಿ ಪಾತ್ರ ಮಾಡುತ್ತಾರೆ. ದುರ್ಯೋಧನನ ಪಾರ್ಟಿಗೆ ಹೆಚ್ಚು ದುಡ್ಡು, ಸೈನಿಕನಿಗೆ ಕಡಿಮೆ. ಸೀನರಿ, ಉಡುಪು ಬಾಡಿಗೆಗೆ ಬರುತ್ತವೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ರಾತ್ರಿ ಹೊತ್ತು ಬಂದು ಕಲಿಸುತ್ತಾರೆ. ಸಂಗೀತ ಪಾಠದ ಮೆಟ್ಟಿಲೇರದವರು ಮೋಹನ, ಕಲ್ಯಾಣಿ, ಸಿಂಧುಭೈರವಿಯಲ್ಲಿ ಕಂದ ಎಳೆಯುತ್ತಾರೆ. ಶ್ರುತಿ ಅಲ್ಲಲ್ಲಿ ಜಾರುತ್ತದೆ, ನಿಜ. ಆದರೂ ಜನ ಬೆಳಗಿನವರೆಗೆ ಕೂರುತ್ತಾರೆ. ಹಳ್ಳಿಯವರೇ ಇದನ್ನು ಉಳಿಸಿಕೊಂಡಿರುವಾಗ ಪಟ್ಟಣದ ತಂಡಗಳು ಜೀರ್ಣೋದ್ಧಾರ ಮಾಡುವುದೇನಿದೆ ಎನ್ನಬಹುದು. ಇದೆ. ಪುರಾಣ ಉಳಿದಿದೆ, ಆದರೆ ಸದಾರಮೆಯಂಥ ಜಾನಪದದ ಸೊಗಡಿನ ನಾಟಕಗಳೂ ಅಂದಿನ ಸಾಮಾಜಿಕ ಸಂಗೀತ ನಾಟಕಗಳೂ ಅಲ್ಲಿ ಅಪರೂಪವಾಗಿವೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ಕಂಪನಿಗಳು ಸಾಲಾಗಿ ಟೆಂಟು ಹಾಕುತ್ತವೆ, ಆದರೆ ಹೊಟ್ಟೆಪಾಡಿಗಾಗಿ ಅವು ಸಿನಿಮಾ ಧಾಟಿಗೆ ಹೊರಳಿವೆ. ಗಲ್ಲಾಪೆಟ್ಟಿಗೆಯ ಒತ್ತಡವಿಲ್ಲದವರು ಹವ್ಯಾಸಿಗಳು ಮಾತ್ರ. ಈ ಕೆಲಸ ಅವರಿಂದಲೇ ಆಗಬೇಕು.

ಹವ್ಯಾಸಿಗಳಿಂದ ಇದು ಸಾಧ್ಯ ಎಂದೆ. ಕೊನೆಯದಾಗಿ, ತಡಮಾಡಬಾರದ ಒಂದು ಸಂಗತಿ ಇದೆ. ಹಳೆಯ ನಾಟಕದ ಪುಸ್ತಕಗಳಲ್ಲಿ ಹಾಡಿನ ಸಾಹಿತ್ಯ ಇರುತ್ತದೆ. ಮೇಲೆ ರಾಗ, ತಾಳ ಬರೆದಿರುತ್ತದೆ, ಅಥವಾ ಇಂಥ ಹಾಡಿನ ಮಟ್ಟು ಎಂದಿರುತ್ತದೆ. ಸ್ವರಲಿಪಿ ಸಾಮಾನ್ಯವಾಗಿ ಇರುವುದಿಲ್ಲ. ಆ ಮೂಲ ಹಾಡನ್ನು ಬಲ್ಲವರು ಹೋದರೆ ಮಟ್ಟೂ ಹೋಗುತ್ತದೆ. ಆರ್. ಪರಮಶಿವನ್ ಅವರಂಥ ಮೇಷ್ಟ್ರುಗಳು ನೂರಾರು ರಂಗಗೀತೆಗಳನ್ನು ಕಂಠದಲ್ಲಿ ಇಟ್ಟುಕೊಂಡು ಮುಂದಿನವರಿಗೆ ಕಲಿಸಿದ್ದರಿಂದ ಎಷ್ಟೋ ಉಳಿದಿವೆ. ಉಳಿಯದವು ಅದಕ್ಕಿಂತ ಹೆಚ್ಚು. ಆದ್ದರಿಂದ ನಾಟಕ ಆಡಬೇಕೆಂದಿರುವ ತಂಡಗಳು ಪುಸ್ತಕ ಓದಿ ಪಾತ್ರ ಹಂಚುವ ಮೊದಲು ತಮ್ಮ ಸೀಮೆಯಲ್ಲಿ ಕಂಪನಿಗೆ ನುಡಿಸಿದ ಹಿರಿಯ ಮೇಷ್ಟ್ರು ಯಾರಿದ್ದಾರೆ ಎಂದು ಹುಡುಕಲಿ. ಖರ್ಚಿನ ಪಟ್ಟಿಯಲ್ಲಿ ದೀಪ, ಉಡುಪಿಗಿಂತ ಮೇಲೆ ಅವರ ಗೌರವಧನ ಬರೆಯಲಿ. ಅವರು ಹಾಡಿದ್ದನ್ನೆಲ್ಲ, ಈ ನಾಟಕಕ್ಕೆ ಬೇಡವಾದದ್ದನ್ನೂ ಸೇರಿಸಿ, ಫೋನಿನಲ್ಲಿ ಮುದ್ರಿಸಿಕೊಳ್ಳಲಿ. ತಾಲೀಮಿನ ಮೊದಲ ತಿಂಗಳು ಬರೀ ಹಾಡು ನಡೆಯಲಿ. ಪ್ರತಿಯೊಬ್ಬರೂ ಹಾರ್ಮೋನಿಯಂ ಎದುರು ನಿಂತು ಒಂದು ಕಂದ ಹಾಡಲಿ, ಯಾರ ಶ್ರುತಿ ಯಾವ ಮನೆ ಎಂದು ಮೇಷ್ಟ್ರು ಬರೆದುಕೊಳ್ಳಲಿ. ರಾಜ ಯಾರು, ಕಳ್ಳ ಯಾರು, ಸದಾರಮೆ ಯಾರು ಎಂಬುದು ಆಮೇಲೆ ತೀರ್ಮಾನವಾಗಲಿ.